ಜಠರದ ಹುಳಿಯ ಅಳತೆ

ನಿಂಬೆಯ ಹುಳಿಯನ್ನು ನಾಲಗೆಯು ಹೇಳಬಲ್ಲುದು. ಹೊಟ್ಟೆಯೊಳಗಿನ ಹುಳಿಯನ್ನು ಹೇಳುವವರಾರು? ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟನು 1824ರಲ್ಲಿ ಪ್ರಕಟಿಸಿದನು. ಅದರ ತೀಕ್ಷ್ಣತೆಗೆ ತಕ್ಕ ಅಳತೆಗೋಲು ದೊರೆತುದು 1909ರಲ್ಲಿ. ಕೋಪನ್‌ಹೇಗನ್ನಿನ ಸೋರೆನ್‌ಸೆನ್ನನು ಪಿ.ಎಚ್. ಮಾನವನ್ನು ರೂಪಿಸಿದನು, ಅವನು ದುಡಿಯುತ್ತಿದ್ದುದು ಬಿಯರ್ ತಯಾರಕರು ಸ್ಥಾಪಿಸಿದ ಪ್ರಯೋಗಶಾಲೆಯಲ್ಲಿ ಎಂಬುದೊಂದು ಸ್ವಾರಸ್ಯ!

ಶುದ್ಧ ನೀರಿನ ಅಂಕ 7. ಅಂಕವು ಒಂದಿಳಿದರೆ ಆಮ್ಲತೆಯು ಹತ್ತು ಮಡಿ ಏರುವುದು. ಬರಿಹೊಟ್ಟೆಯ ರಸದ ಅಂಕ ಸುಮಾರು 2. ಮಿತ್ರರೇ, ಐದು ಸಲ ಹತ್ತರಿಂದ ಗುಣಿಸಿ ನೋಡಿರಿ: ನೀರಿಗಿಂತ ಲಕ್ಷ ಮಡಿ!

ಲಿಟ್ಮಸ್ ಕಾಗದವು ಕೆಂಪಾಗಿ ಆಮ್ಲವಿದೆಯೆಂದಷ್ಟೇ ಸಾರುತ್ತದೆ, ಎಷ್ಟೆಂದು ಹೇಳಲಾರದು. ಪಿ.ಎಚ್. ಮಾಪಕದಲ್ಲಾದರೋ ತೆಳುಗಾಜಿನ ಪೊರೆಯೊಂದಿದೆ. ಅದರ ಒಳಹೊರಗಿನ ಆಮ್ಲತೆಯ ಅಂತರದಿಂದ ಅಲ್ಪ ವಿದ್ಯುತ್ ಒತ್ತಡವುಂಟಾಗುವುದು. ಯಂತ್ರವು ಅದನ್ನೇ ಅಂಕವಾಗಿ ತೋರಿಸುತ್ತದೆ.

ಇಷ್ಟು ತೀಕ್ಷ್ಣವಾದ ರಸವು ಜಠರವನ್ನೇ ಸುಡದಿರುವುದು ಅದರ ಒಳಗೋಡೆಗಿರುವ ಲೋಳೆಯ ಲೇಪದಿಂದ. ಆ ಲೇಪ ಕೆಟ್ಟೆಡೆಯಲ್ಲಿ ಹುಣ್ಣೇಳಬಹುದು.