2,84,000 ಕಿಲೋಮೀಟರ್ ಓಡಿದ ಇನ್ನೋವಾ ಮತ್ತು ಎರಡು ಭಾನುವಾರ

ಹಳೆಯ ಕಾರಿಗೆ ಬೆಲೆ ಕಟ್ಟುವವರು ಮೊದಲು ನೋಡುವುದು ಅದರ ಹೊರಮೈಯನ್ನು. ಬಣ್ಣ ಮಾಸಿ, ಹೆಡ್‌ಲೈಟ್ ಹಳದಿಯಾಗಿದ್ದರೆ ಇಂಜಿನ್ ಹೇಗಿದೆ ಎಂದು ಕೇಳುವವರೂ ಇರುವುದಿಲ್ಲ. ಪುಣೆಯಲ್ಲಿ ಸಣ್ಣ ಹೋಟೆಲ್ ನಡೆಸುವ ನನ್ನ ಕುಂದಾಪುರದ ಗೆಳೆಯನ ಇನ್ನೋವಾಕ್ಕೂ ಹೀಗೇ ಆಯಿತು. ನೋಡಲು ಬಂದವರು ಬಾಗಿಲನ್ನೂ ತೆರೆಯದೆ ಗುಜರಿ ದರಕ್ಕಿಂತ ಸ್ವಲ್ಪ ಮೇಲಿನ ಬೆಲೆ ಹೇಳಿ ಹೋದರು. "ಕೊಟ್ಟುಬಿಡಿ ಅಪ್ಪಾ, ಹೊಸದು ತೆಗೆದುಕೊಳ್ಳೋಣ" ಎಂದು ಬೆಂಗಳೂರಿನಲ್ಲಿರುವ ಮಗನ ಒತ್ತಾಯ ಬೇರೆ.

ಗಾಡಿ 2012ರದ್ದು, ಬೆಳ್ಳಿ ಬಣ್ಣ, 2.5 ಲೀಟರ್ ಡೀಸೆಲ್. ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾದದ್ದು. ಹೋಟೆಲಿನ ಮೊದಲ ವರ್ಷಗಳಲ್ಲಿ ಹಿಂದಿನ ಸೀಟು ಮಡಚಿ, ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಈರುಳ್ಳಿ, ಕೊತ್ತಂಬರಿ ಹೊತ್ತು ತಂದಿದೆ. ವರ್ಷಕ್ಕೆ ಎರಡು ಮೂರು ಸಲ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ, ಅರಬೈಲ್ ಘಾಟಿ ಇಳಿದು, ಅಂಕೋಲಾ ಹಿಡಿದು ಕುಂದಾಪುರಕ್ಕೆ ಹೋಗಿ ಬಂದಿದೆ. ಒಂದು ದಾರಿಗೇ 650 ಕಿಲೋಮೀಟರಿಗೂ ಹೆಚ್ಚು.

ನಾನು ಕೆಲವು ವರ್ಷ ಚಾಕಣದ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ದುಡಿದವನು. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ತೀರ್ಮಾನಕ್ಕೆ ಮೊದಲು ಗಾಡಿಯ ನಿಜ ಸ್ಥಿತಿ ತಿಳಿಯಲಿ, ನಾವೇ ಡೀಟೇಲಿಂಗ್ ಮಾಡೋಣ ಎಂದೆ. ಒಂದೊಂದೇ ಭಾಗವನ್ನು ಹಿಡಿದು ಆಳವಾಗಿ ಶುಚಿ ಮಾಡಿ, ಆದಷ್ಟು ಮೊದಲಿನ ಸ್ಥಿತಿಗೆ ತರುವ ಕೆಲಸ ಅದು. ಹೊರಗೆ ವಿಚಾರಿಸಿದ್ದಕ್ಕೆ 16,000 ರೂಪಾಯಿ ಹೇಳಿದ್ದರು. "ಎಂತದು ಮಾರಾಯ, ಈ ಮುದುಕನಿಗೆ ಶೃಂಗಾರ?" ಎಂದು ನಗುತ್ತಲೇ ಗೆಳೆಯ ಒಪ್ಪಿದ.

ನೂರು ಲೀಟರ್ ನೀರಿನಲ್ಲಿ ಸ್ನಾನ

ನಮ್ಮ ಸೊಸೈಟಿಯಲ್ಲಿ ಪೈಪ್ ಹಿಡಿದು ಕಾರು ತೊಳೆಯುವಂತಿಲ್ಲ. ಬೇಸಿಗೆಯಲ್ಲಿ ನಾವೇ ಟ್ಯಾಂಕರಿಗೆ ಕಾಯುವವರು, ಆ ನಿಯಮ ಸರಿಯಾದದ್ದೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನಿಮಗೆ ನೆನಪಿರಬಹುದು. ಹಾಗಾಗಿ ಲೆಕ್ಕ ಹಾಕಿ 20 ಲೀಟರಿನ ಐದು ಬಕೆಟ್ ಇಟ್ಟುಕೊಂಡೆವು. ಅಷ್ಟರಲ್ಲೇ ಮುಗಿಯಿತು.

ಕಾರು ತೊಳೆಯಲು ಎರಡು ಬಕೆಟ್ ಬೇಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಾಡಿ ಧೂಳು ಬಿಡಿಸಿ, ಆಮೇಲಷ್ಟೇ ಶಾಂಪೂಗೆ ಅದ್ದಬೇಕು. ಚಕ್ರಗಳಿಗೆ ಬೇರೆಯೇ ಬಟ್ಟೆ. ಮೇಲಿನಿಂದ ಕೆಳಕ್ಕೆ ಬರಬೇಕು, ಏಕೆಂದರೆ ಮರಳು, ಮಣ್ಣು ಹೆಚ್ಚಿರುವುದು ಕೆಳಭಾಗದಲ್ಲಿ. ಪಾತ್ರೆ ತೊಳೆಯುವ ಸೋಪು ಬೇಡ, ಅದು ಕೊಳೆಯ ಜೊತೆಗೆ ಮೇಲಿನ ಮೇಣವನ್ನೂ ತೆಗೆದುಬಿಡುತ್ತದೆ.

ಬಿಸಿಲಿಗೆ ಹಿಡಿದಾಗ ಬಾನೆಟ್ ಮೇಲೆ ಜೇಡರ ಬಲೆಯಂತೆ ಸುತ್ತುಸುತ್ತು ಗೀರುಗಳು ಕಂಡವು. ನಗರದಲ್ಲಿರುವ ಬಹುತೇಕ ಕಾರುಗಳಿಗೆ ಈ ಗೀರುಗಳಿವೆ. ಬೆಳಿಗ್ಗೆ ಕಾರು ಒರೆಸಲು ಬರುವ ಹುಡುಗ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತಾರು ಗಾಡಿ ಮುಗಿಸಬೇಕು. ಹಿಂದಿನ ಗಾಡಿಯ ಮರಳು ಮುಂದಿನದಕ್ಕೆ ಉಜ್ಜುತ್ತದೆ. ನಾವು ಕೊಡುವ ತಿಂಗಳ ಸಂಬಳಕ್ಕೆ ಅವನಿಂದ ಇನ್ನೇನು ನಿರೀಕ್ಷಿಸುವುದು? ಎರಡು ಮೈಕ್ರೋಫೈಬರ್ ಬಟ್ಟೆ ನೀವೇ ಕೊಂಡುಕೊಡಿ, ಒಣಧೂಳನ್ನು ಒರೆಸಬೇಡ ಎಂದು ಹೇಳಿ. ಅಷ್ಟಕ್ಕೇ ಅರ್ಧ ಗೀರು ಕಡಿಮೆಯಾಗುತ್ತವೆ.

ಕೂದಲಿಗಿಂತ ತೆಳುವಾದ ಪದರ

ಪಾಲಿಶ್ ಎಂದರೆ ಏನನ್ನೋ ಹಚ್ಚುವುದು ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ತೆಗೆಯುವ ಕೆಲಸ. ಕಾರ್ಖಾನೆಯಿಂದ ಬರುವಾಗ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ ಇರುತ್ತವೆ. ಎಲ್ಲಕ್ಕಿಂತ ಮೇಲಿರುವ, ಹೊಳಪು ಕೊಡುವ ಪಾರದರ್ಶಕ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ತೆಳು. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಅದರಲ್ಲಿ ಒಂದಿಷ್ಟು ಸವೆಯುತ್ತದೆ, ಸವೆದದ್ದು ತಿರುಗಿ ಬರುವುದಿಲ್ಲ.

ಅದಕ್ಕೇ ಮೊದಲು ದಪ್ಪ ಅಳೆಯುವ ಮೀಟರ್ ಹಿಡಿದು ಇಡೀ ಗಾಡಿ ಸುತ್ತಿದೆ. ಬಾನೆಟ್ 98, ಬಾಗಿಲುಗಳು 110ರ ಆಸುಪಾಸು. ಎಡ ಹಿಂಭಾಗಕ್ಕೆ ಬಂದಾಗ ಒಮ್ಮೆಲೇ 230. "ಇಲ್ಲಿ ಮರುಬಣ್ಣ ಆಗಿದೆಯಲ್ಲ?" ಎಂದೆ. ಗೆಳೆಯ ಕಣ್ಣರಳಿಸಿದ. ಪಾರ್ಕಿಂಗಿನ ಕಂಬಕ್ಕೆ ತಾಗಿಸಿ, ಮನೆಯವರಿಗೆ ಹೇಳದೆ ರಿಪೇರಿ ಮಾಡಿಸಿದ್ದನಂತೆ! ಹಳೆಯ ಕಾರು ಕೊಳ್ಳುವವರು ಇಂಥ ಮೀಟರ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಹೆದ್ದಾರಿಯ ಡಾಂಬರು ಚುಕ್ಕೆಗಳನ್ನು ಟಾರ್ ರಿಮೂವರ್‌ನಿಂದ ತೆಗೆದೆವು. ಆಮೇಲೆ ಕ್ಲೇ ಬಾರ್. ಕೈಗೊಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೊಳೆದ ಬಾನೆಟ್ ಮೇಲೆ ಸವರಿ ನೋಡಿ, ರವೆಯಂತೆ ಉರುಟಾಗಿ ತಾಗುತ್ತದೆ. ಬಣ್ಣಕ್ಕೆ ಕಚ್ಚಿಕೊಂಡ ಲೋಹದ ಪುಡಿ, ಹೊಗೆಯ ಕಣ ಅದು. ಶಾಂಪೂ ನೀರು ಚಿಮುಕಿಸುತ್ತಾ ಕ್ಲೇಯನ್ನು ಹಗುರವಾಗಿ ಉಜ್ಜಿದರೆ ಗಾಜಿನಂತೆ ನುಣುಪಾಗುತ್ತದೆ. ಕ್ಲೇ ಕೆಳಗೆ ಬಿದ್ದರೆ ಮತ್ತೆ ಬಳಸಬಾರದು, ನೆಲದ ಮರಳೆಲ್ಲ ಅದಕ್ಕೆ ಅಂಟಿರುತ್ತದೆ.

ಬಳಿಕ ಡ್ಯುಯಲ್ ಆಕ್ಷನ್ ಯಂತ್ರದಲ್ಲಿ ಹಗುರವಾದ ಪಾಲಿಶ್, ಒಂದೊಂದು ಭಾಗಕ್ಕೆ ಎರಡೇ ಸುತ್ತು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳ ತಂಟೆಗೆ ಹೋಗಲಿಲ್ಲ. ಛಾವಣಿಯ ಅಂಚಿನಲ್ಲಿ ಅಂಗೈಯಗಲ ಕ್ಲಿಯರ್ ಕೋಟ್ ಎದ್ದುಹೋಗಿ ಬಿಳಿಚಿಕೊಂಡಿತ್ತು. ಅದಕ್ಕೆ ಯಾವ ಪಾಲಿಶ್ ಕೂಡ ಮದ್ದಲ್ಲ, ಮರುಬಣ್ಣವೊಂದೇ ದಾರಿ. ಕೊನೆಗೆ ಮೇಣ ಹಚ್ಚಿದೆವು. ಸೆರಾಮಿಕ್ ಕೋಟಿಂಗ್ ಏಕೆ ಬೇಡ ಎಂದು ಗೆಳೆಯ ಕೇಳಿದ. ಕೋಟಿಂಗ್ ತನ್ನ ಕೆಳಗಿರುವುದನ್ನು ಹಾಗೇ ಹಿಡಿದಿಡುತ್ತದೆ. ಉಳಿದ ಗೀರುಗಳ ಮೇಲೆ ಸಾವಿರಾರು ರೂಪಾಯಿ ಸುರಿಯುವುದರಲ್ಲಿ ಅರ್ಥವಿಲ್ಲ.

ಹೆಡ್‌ಲೈಟಿನ ಹೊರಕವಚ ಪಾಲಿಕಾರ್ಬೊನೇಟ್. ಬಿಸಿಲಿನ ಅತಿನೇರಳೆ ಕಿರಣಗಳಿಂದ ಅದು ಹಳದಿಗಟ್ಟುತ್ತದೆ. 1000, 2000, 3000 ನಂಬರಿನ ಮರಳು ಕಾಗದಗಳಿಂದ ಒಂದಾದ ಮೇಲೊಂದರಂತೆ ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಾಕಿದೆವು. ಕೊನೆಗೆ ಯುವಿ ರಕ್ಷಕ ಲೇಪ ಹಚ್ಚಲೇಬೇಕು, ಇಲ್ಲವಾದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಉಪಾಯಕ್ಕೂ ಇದೇ ಗತಿ. ಘಾಟಿಯಲ್ಲಿ ರಾತ್ರಿ ಇಳಿಯುವವರಿಗೆ ಇದು ಅಂದದ ವಿಷಯವೇ ಅಲ್ಲ.

ಕಾರ್ಪೆಟ್ಟಿನ ಕೆಳಗೆ

ಎರಡನೆಯ ಭಾನುವಾರ ಒಳಭಾಗ. ಸೀಟಿನ ಸಂದುಗಳಿಂದ ಟೋಲ್ ರಸೀದಿ, ಹೇರ್‌ಪಿನ್, ಒಣಗಿದ ಮಲ್ಲಿಗೆ, ನಾಲ್ಕು ರೂಪಾಯಿ ಚಿಲ್ಲರೆ, ಮಗನ ಶಾಲೆಯ ಗುಂಡಿ ಹೊರಬಂದವು. ಆದರೆ ಎಷ್ಟು ವ್ಯಾಕ್ಯೂಮ್ ಮಾಡಿದರೂ ಮುಗ್ಗುಲು ವಾಸನೆ ಹೋಗಲಿಲ್ಲ. ಈರುಳ್ಳಿಯದ್ದಿರಬೇಕು ಎಂದ ಗೆಳೆಯ. ಅಂಚಿನ ಪಟ್ಟಿ ಬಿಚ್ಚಿ ಮುಂದಿನ ಎಡಗಡೆ ಕಾರ್ಪೆಟ್ ಎತ್ತಿದಾಗ ಕಾರಣ ಸಿಕ್ಕಿತು. ಕೆಳಗಿನ ದಪ್ಪ ಹಾಸು ನೀರು ಕುಡಿದು ಸ್ಪಂಜಿನಂತಾಗಿತ್ತು. ಎಸಿಯ ನೀರು ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡು, ನೀರೆಲ್ಲ ಒಳಗೇ ಇಳಿಯುತ್ತಿತ್ತು. ತಳದ ತಗಡಿನಲ್ಲಿ ತುಕ್ಕು ಆಗಷ್ಟೇ ಶುರುವಾಗಿತ್ತು.

ಬಾಗಿಲುಗಳ ಅಡಿ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವೂ ಊರಿನ ಕೆಂಪು ಮಣ್ಣಿನಿಂದ ಮುಚ್ಚಿಹೋಗಿದ್ದವು. ಅಂಗಡಿಯ ಯಾವ ಸಲಕರಣೆಯೂ ಬೇಕಾಗಲಿಲ್ಲ, ಹಿಡಿಸೂಡಿಯ ಕಡ್ಡಿ ಸಾಕಾಯಿತು. ಕೊಳವೆ ಬಿಡಿಸಿ, ಹಾಸನ್ನು ಎರಡು ದಿನ ಫ್ಯಾನಿನಡಿ ಒಣಗಿಸಿ, ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ರಸ್ಟ್ ಕನ್ವರ್ಟರ್, ಪ್ರೈಮರ್ ಹಚ್ಚಿದೆವು. ಹಾಗೇ ಬಿಟ್ಟಿದ್ದರೆ ತುಕ್ಕು ತಗಡನ್ನೇ ತಿಂದು, ವೆಲ್ಡಿಂಗ್ ಮಾಡಿಸುವ ಗತಿ ಬರುತ್ತಿತ್ತು. ಒಂದು ಎಚ್ಚರಿಕೆ: ಸೀಟಿನಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಬಿಚ್ಚಬೇಡಿ, ಅದು ಏರ್‌ಬ್ಯಾಗ್ ಸಂಪರ್ಕ.

ಒಂದು ಕಡೆ ಮಾತ್ರ ನಾನು ಕೈ ಇಡಲಿಲ್ಲ. ಮಧ್ಯದ ಎಡ ಬಾಗಿಲಿನ ಕೈಯಾಸರೆ ಸವೆದು ಬೆಳ್ಳಗಾಗಿತ್ತು. ಬಣ್ಣ ಹಚ್ಚಲು ಹೊರಟಾಗ ಗೆಳೆಯ ತಡೆದ. "ಅದು ಬಿಡು ಮಾರಾಯ, ಅಮ್ಮ ಕೈ ಇಡುವ ಜಾಗ." ಅವರಿಗೀಗ ಎಂಬತ್ತು ದಾಟಿದೆ. ಘಾಟಿಯ ತಿರುವುಗಳಲ್ಲಿ ಅದನ್ನೇ ಗಟ್ಟಿಯಾಗಿ ಹಿಡಿದು ಕೂರುತ್ತಾರೆ. ಬೇರೆ ಗಾಡಿ ಹತ್ತಲು ಮೆಟ್ಟಿಲು ಎತ್ತರವಾಗುತ್ತದೆ ಎಂಬುದು ಅವರ ತಕರಾರು.

ಲೆಕ್ಕ, ತೀರ್ಮಾನ

ಯಂತ್ರ, ಮೀಟರ್ ನನ್ನವೇ ಇದ್ದುದರಿಂದ ಶಾಂಪೂ, ಕ್ಲೇ, ಕಾಂಪೌಂಡ್, ಪ್ಯಾಡ್, ಬಟ್ಟೆ, ಲೇಪ ಎಲ್ಲ ಸೇರಿ ಖರ್ಚಾದದ್ದು 4,000 ರೂಪಾಯಿ ಚಿಲ್ಲರೆ. ಬೆನ್ನು ನೋವು ಬೇರೆ ಲೆಕ್ಕ. ಗಾಡಿ ಹೊಸದರಂತೆ ಆಗಲಿಲ್ಲ. ಹದಿನಾಲ್ಕು ವರ್ಷದ, ಚೆನ್ನಾಗಿ ನೋಡಿಕೊಂಡ ಗಾಡಿಯಂತೆ ಆಯಿತು.

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಪಾಸಾದರೆ 5 ವರ್ಷಕ್ಕೆ ನವೀಕರಿಸಿಕೊಳ್ಳಬಹುದು. (ದೆಹಲಿಯ ಓದುಗರು ಗಮನಿಸಿ, ಹಳೆಯ ಡೀಸೆಲ್ ಗಾಡಿಗಳಿಗೆ ಅಲ್ಲಿ ಬೇರೆಯೇ ನಿಯಮಗಳಿವೆ.) ತಳ ಗಟ್ಟಿಯಿದೆ, ತುಕ್ಕು ಹತೋಟಿಗೆ ಬಂದಿದೆ ಎಂದು ಕಣ್ಣಾರೆ ಕಂಡ ಮೇಲೆ ಗೆಳೆಯ ಮಾರುವ ಯೋಚನೆ ಬಿಟ್ಟು ನಾಲ್ಕು ಹೊಸ ಟೈರ್ ಹಾಕಿಸಿದ. ಮಾರುವ ತೀರ್ಮಾನವೇ ಆಗಿದ್ದರೂ ಈ ಶ್ರಮ ದಂಡವಾಗುತ್ತಿರಲಿಲ್ಲ. ಆದರೆ ಆಗ ಮರುಬಣ್ಣ, ತುಕ್ಕು ಎರಡನ್ನೂ ಕೊಳ್ಳುವವರಿಗೆ ಹೇಳಿಯೇ ಮಾರಬೇಕು. ಹೊಳಪು ಮುಚ್ಚುಮರೆಗೆ ಬಳಕೆಯಾಗಬಾರದು.

ಇಷ್ಟೆಲ್ಲ ಮಾಡಲು ನಿಮಗೆ ಪುರುಸೊತ್ತಿಲ್ಲದಿರಬಹುದು. ಮಳೆಗಾಲಕ್ಕೆ ಮೊದಲು ಒಂದು ಬೆಳಿಗ್ಗೆ ಮೂರು ಕೆಲಸವನ್ನಾದರೂ ಮಾಡಿ: ಮ್ಯಾಟ್ ತೆಗೆದು ಕಾರ್ಪೆಟ್ ಅದುಮಿ ಪಸೆಯಿದೆಯೇ ನೋಡಿ, ಬಾಗಿಲುಗಳ ತೂತು ಬಿಡಿಸಿ, ಎಸಿ ಹಾಕಿ ಹತ್ತು ನಿಮಿಷದ ಮೇಲೆ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ಗಮನಿಸಿ. ತೊಟ್ಟಿಕ್ಕುತ್ತಿದ್ದರೆ ಒಳ್ಳೆಯದು. ಇಲ್ಲವಾದರೆ ಆ ನೀರು ಒಳಗೆ ಎಲ್ಲೋ ಸೇರುತ್ತಿರಬಹುದು, ಅದೇ ವಾರ ಕಾರ್ಪೆಟ್ ಎತ್ತಿಸಿ.