ಗಾಲ್ಫ್ ಕ್ರೀಡೆಯಲ್ಲಿ ಪರಿಭ್ರಮಣದ ಬಲ-ವೇಗ ಪರೀಕ್ಷೆ

ಬಲಿಷ್ಠನಾದವನೇ ಚೆಂಡನ್ನು ದೂರಕ್ಕೆ ಹೊಡೆಯುವನೆಂಬುದು ಲೋಕರೂಢಿಯ ಅಭಿಪ್ರಾಯ. ಗಾಲ್ಫ್ ಆಟದಲ್ಲಿ ಇದು ಅರ್ಧಸತ್ಯವೇ ಸರಿ. ಅಲ್ಲಿ ಚೆಂಡಿನ ತೂಕವು 45.93 ಗ್ರಾಮನ್ನು ಮೀರುವಂತಿಲ್ಲ. ಮೇಲೆತ್ತಿದ ದಂಡವನ್ನು ಇಳಿಸಿ ಚೆಂಡಿಗೆ ತಗುಲಿಸುವ ಕಾಲವಾದರೋ ಸುಮಾರು ಕಾಲು ಸೆಕೆಂಡು. ಸ್ನಾಯುಗಳು ತಮ್ಮ ಪೂರ್ಣಬಲವನ್ನು ಪ್ರಕಟಿಸಲು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಕಾಲ ಬೇಕು. ಆದುದರಿಂದ ಒಬ್ಬನಲ್ಲಿ ಬಲವೆಷ್ಟಿದೆಯೆಂಬುದು ಒಂದು ಪ್ರಶ್ನೆ. ಅದನ್ನು ಅವನು ಎಷ್ಟು ಶೀಘ್ರವಾಗಿ ಹೊರಗೆಡಹಬಲ್ಲನೆಂಬುದು ಬೇರೊಂದು ಪ್ರಶ್ನೆ. ಇವೆರಡನ್ನೂ 'ಶಕ್ತಿ'ಯೆಂಬ ಒಂದೇ ಮಾತಿನಿಂದ ಕರೆಯುವುದು ಶಾಸ್ತ್ರಸಮ್ಮತವಲ್ಲ; ಆಟಗಾರನಿಗೆ ಹಿತವೂ ಅಲ್ಲ.

ನಮ್ಮ ತಾರ್ಕಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರಾಗಿ ವಿಭಾಗಿಸಿರುವುದು ತರ್ಕಸಂಗ್ರಹವನ್ನು ಓದಿದವರಿಗೆ ವಿದಿತವೇ. ಬಗ್ಗಿಸಿ ಬಿಟ್ಟ ಕೊಂಬೆಯು ತನ್ನ ನೆಲೆಗೆ ಮರಳುವುದು ಸ್ಥಿತಿಸ್ಥಾಪಕದ ಕಾರ್ಯ. ನುರಿತ ಆಟಗಾರನಲ್ಲಿ ಕಟಿಭಾಗವು ಗುರಿಯ ಕಡೆಗೆ ತಿರುಗತೊಡಗಿದಾಗ ಎದೆಯು ಇನ್ನೂ ಹಿಂದೆಯೇ ಉಳಿದಿರುತ್ತದೆ. ನಡುವಣ ಸ್ನಾಯುಗಳು ಸೆಳೆಯಲ್ಪಟ್ಟು ಕೂಡಲೇ ಸಂಕೋಚಗೊಳ್ಳುತ್ತವೆ. ಕಟಿ, ಎದೆ, ತೋಳು, ದಂಡ, ಈ ಕ್ರಮದಲ್ಲಿ ಒಂದೊಂದೂ ತನ್ನ ಪರಮವೇಗವನ್ನು ಮುಟ್ಟುತ್ತದೆ. ಸಾದೃಶ್ಯವನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ. ಪ್ರಾಚೀನರ ಉದ್ದೇಶ ಪದಾರ್ಥವಿವೇಚನೆಯೇ ಹೊರತು ಅಳತೆಯಲ್ಲ.

ಅಳತೆಗೆ ಆಧಾರವಾದ ತತ್ತ್ವವನ್ನು ಆಂಗ್ಲ ವಿಜ್ಞಾನಿ ಎ. ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನಿಂದ ನಿರೂಪಿಸಿದನು. ಸ್ನಾಯುವು ಎಷ್ಟು ವೇಗವಾಗಿ ಕುಗ್ಗುವುದೋ ಅಷ್ಟೂ ಅದರ ಸೆಳೆತದ ಬಲ ಕುಂದುತ್ತದೆ. ಹೀಗಿರುವಲ್ಲಿ ಒಂದೇ ಭಾರದಿಂದ ಮಾಡಿದ ಪರೀಕ್ಷೆಯು ಅರೆ ಮಾತನ್ನು ಮಾತ್ರ ಹೇಳುವುದು.

ರೂಢಿಯಲ್ಲಿರುವ ಪರೀಕ್ಷೆ ಸರಳವಾದುದು. ಆಟಗಾರನು ಪಕ್ಕಕ್ಕೆ ನಿಂತು, ಮೆಡಿಸಿನ್ ಬಾಲ್ ಎಂಬ ತೂಕದ ಚೆಂಡನ್ನು ಎರಡು ಕೈಗಳಿಂದ ಹಿಡಿದು, ಮೈಯನ್ನು ತಿರುಗಿಸಿ ಎಸೆಯುತ್ತಾನೆ; ದೂರವನ್ನು ಟೇಪಿನಿಂದ ಅಳೆಯುತ್ತಾರೆ. ಮೊದಲು ಹಗುರವಾದ ಚೆಂಡು, ಬಳಿಕ ಭಾರವಾದುದು, ಎಡಕ್ಕೂ ಬಲಕ್ಕೂ, ನಡುನಡುವೆ ಸಾಕಷ್ಟು ವಿಶ್ರಾಂತಿ. ಒಮ್ಮೆ ಹೆಜ್ಜೆಯಿಟ್ಟು ಮತ್ತೊಮ್ಮೆ ಇಡದೆ ಎಸೆದರೆ ಆ ಎರಡು ಅಂಕಿಗಳನ್ನು ಹೋಲಿಸುವುದು ನಿರರ್ಥಕ. ಕುಳಿತು ಎಸೆಯಿಸಿದರೆ ಕಾಲುಗಳ ನೆರವು ಬಹುಮಟ್ಟಿಗೆ ತಪ್ಪಿ, ಮುಂಡದ ಪಾಲು ಎಷ್ಟೆಂಬುದು ತಿಳಿಯುತ್ತದೆ. ಭಾರದ ಚೆಂಡನ್ನು ಚೆನ್ನಾಗಿ ಎಸೆದು, ಹಗುರವಾದುದನ್ನು ಅದಕ್ಕೆ ತಕ್ಕಷ್ಟು ದೂರಕ್ಕೆ ಕಳುಹಿಸಲಾರದವನಿಗೆ ಬಲವುಂಟು, ವೇಗ ಸಾಲದು. ಅವನಿಂದ ಮತ್ತಷ್ಟು ಭಾರವನ್ನು ಎತ್ತಿಸುವುದು ವೃಥಾಶ್ರಮ. ಇದಕ್ಕೆ ವ್ಯತಿರಿಕ್ತನಾದವನಿಗೆ ಭಾರದ ವ್ಯಾಯಾಮವೇ ಪಥ್ಯ. ಎಸೆತದಲ್ಲಿ ಮುಂದಿದ್ದರೂ ದಂಡದ ತುದಿಯ ವೇಗವು ರೇಡಾರ್ ಯಂತ್ರದಲ್ಲಿ ಕಡಿಮೆಯಾಗಿ ಕಂಡರೆ, ಕೊರತೆಯನ್ನು ದೇಹದಲ್ಲಿ ಹುಡುಕುವುದಕ್ಕೆ ಮೊದಲು ಹೊಡೆತದ ಕ್ರಮದಲ್ಲಿ ಹುಡುಕಬೇಕು.

ಪರೀಕ್ಷೆಗೆ ಮುಂಚೆ ನೋಡಬೇಕಾದುದೊಂದಿದೆ. ಅವಸರದಲ್ಲಿ ಇದನ್ನೇ ಬಿಡುವುದುಂಟು. ಸೊಂಟದ ಕಶೇರುಗಳು ತಿರುಗುವುದು ಅತ್ಯಲ್ಪ. ತಿರುವಿನ ಹೆಚ್ಚಿನ ಭಾಗವನ್ನು ಎದೆಯ ಬೆನ್ನೆಲುಬೂ ತೊಡೆಯ ಕೀಲುಗಳೂ ಒದಗಿಸಬೇಕು. ಇವು ಬಿಗಿದಿದ್ದರೆ ಹೊರೆಯು ಸೊಂಟದ ಮೇಲೆ ಬೀಳುತ್ತದೆ. ಗಾಲ್ಫ್ ಆಟಗಾರರಲ್ಲಿ ಸೊಂಟನೋವು ಬಹು ಸಾಮಾನ್ಯವಾದ ಬಾಧೆ. ನೋವಿರುವವನಿಂದ ಪೂರ್ಣವೇಗದ ಎಸೆತವನ್ನು ಮಾಡಿಸದೆ, ಮೊದಲು ವೈದ್ಯನಲ್ಲಿಗೆ ಕಳುಹಿಸತಕ್ಕದ್ದು.