ಮೇಲೆ ‘ಬಿಡಬೇಡ’, ಕೆಳಗೆ ‘ಬಿಡು’: ಮರ ಕಡಿಯೋರ ಕಿವಿಗೆ ಹೆಡ್‌ಸೆಟ್ ಯಾಕೆ ಬೇಕು?

ಇವತ್ತಿನ ಮಾತು ನಮ್ಮ ಬೀದಿಯ ಒಂದು ಗುಲ್‌ಮೊಹರ್ ಮರದಿಂದ ಶುರು.

ಹೋದ ವರ್ಷ ಮೇ ತಿಂಗಳು. ಬೆಂಗಳೂರಲ್ಲಿ ಮುಂಗಾರಿಗೂ ಮುಂಚೆ ಬೀಸೋ ಗಾಳಿ ನಿಮಗೆ ಗೊತ್ತಲ್ಲ, ಅದಕ್ಕೆ ಮರದ ದೊಡ್ಡ ಕೊಂಬೆಯೊಂದು ಸೀಳಿ ನೇತಾಡ್ತಾ ಇತ್ತು. ಅನುಮತಿ ಸಿಕ್ಕ ಮೇಲೆ ನಾಲ್ಕು ಜನರ ತಂಡ ಬಂತು. ಒಬ್ಬರು ಸೊಂಟಕ್ಕೆ ಬೆಲ್ಟ್ ಕಟ್ಟಿ, ಚೈನ್‌ಸಾ ಹಿಡಿದು ಮೇಲೆ ಹತ್ತಿದರು. ಇಬ್ಬರು ಕೆಳಗೆ ಹಗ್ಗ ಹಿಡಿದ್ರು. ಕಡಿದ ತುಂಡು ಒಂದೇ ಸಲ ಬೀಳದ ಹಾಗೆ ಹಗ್ಗದಲ್ಲಿ ನಿಧಾನಕ್ಕೆ ಇಳಿಸೋದು ಅವರ ಕೆಲಸ.

ಮೇಲಿದ್ದವರು ‘ಬಿಡಬೇಡ’ ಅಂತ ಕೂಗಿದ್ರು. ಮೆಷಿನ್ ಸದ್ದಲ್ಲಿ ‘ಬೇಡ’ ಹಾರಿಹೋಯ್ತು. ಕೆಳಗೆ ಕೇಳಿಸಿದ್ದು ‘ಬಿಡು’. ಹಗ್ಗ ಬಿಟ್ಟರು. ಕೊಂಬೆ ಬಂದು ನಮ್ಮ ಕಾಂಪೌಂಡ್ ಗೋಡೆ ಮೇಲೆ ಬಿತ್ತು. ಎರಡಡಿ ಪಕ್ಕದಲ್ಲೇ ಇನ್ನೊಬ್ಬ ಹುಡುಗ ರಂಬೆ ಎಳೀತಿದ್ದ. ಗೋಡೆ ಒಡೀತು, ಹುಡುಗ ಉಳಿದ.

ನಾನು ಓದಿದ್ದು ಬಿ.ಕಾಂ., ಮರದ ಕೆಲಸ ನಂಗೆ ಗೊತ್ತಿಲ್ಲ. ಆದ್ರೆ ಅವತ್ತು ರಾತ್ರಿ ಒಂದು ಪ್ರಶ್ನೆ ಬಿಡಲಿಲ್ಲ. ಲಾಂಗ್ ರೈಡ್ ಹೋಗೋ ನನ್ನ ಫ್ರೆಂಡ್ಸ್ ಹೆಲ್ಮೆಟ್ ಒಳಗೆ ಇಂಟರ್‌ಕಾಮ್ ಹಾಕ್ಕೊಂಡು ಹರಟೆ ಹೊಡೀತಾರೆ. ಜೀವ ಹಗ್ಗಕ್ಕೆ ಕಟ್ಟಿರೋ ಇವರಿಗೆ ಯಾಕಿಲ್ಲ?

ಹುಡುಕಿದಾಗ ಗೊತ್ತಾಗಿದ್ದು, ಬ್ರಿಟನ್, ಅಮೆರಿಕದಂಥ ಕಡೆ ಮರದ ಕೆಲಸದವರು ಇದನ್ನ ಬಳಸ್ತಾರೆ. ಬೈಕ್ ಇಂಟರ್‌ಕಾಮ್‌ಗೆ ಹೆಸರಾದ ಸೆನಾ ಕಂಪನಿಯೇ ಗದ್ದಲದ ಕೆಲಸದ ಜಾಗಗಳಿಗೆ ಅಂತ ‘ಟಫ್‌ಟಾಕ್’ ಅನ್ನೋ ಹೆಡ್‌ಸೆಟ್ ಮಾಡುತ್ತೆ. ಕಿವಿಯನ್ನ ಪೂರ್ತಿ ಮುಚ್ಚೋ ಮಫ್, ಅದರೊಳಗೆ ಸ್ಪೀಕರ್, ತುಟಿ ಹತ್ತಿರ ಪುಟ್ಟ ಮೈಕ್.

ವಾಕಿಟಾಕಿ ಸಾಲದಾ ಅಂತ ಕೇಳಬಹುದು. ಅದರಲ್ಲಿ ಬಟನ್ ಒತ್ತಿ ಮಾತಾಡಬೇಕು, ಒಂದು ಸಲಕ್ಕೆ ಒಬ್ಬರೇ. ಮೇಲಿರೋರ ಎರಡೂ ಕೈ ಮೆಷಿನ್ ಮೇಲಿರಬೇಕು, ಬಟನ್ ಒತ್ತೋದು ಯಾವ ಕೈಯಲ್ಲಿ? ಇಂಟರ್‌ಕಾಮ್ ಕಾನ್ಫರೆನ್ಸ್ ಕಾಲ್ ಥರ, ಲೈನ್ ತೆರೆದೇ ಇರುತ್ತೆ. ಕೆಳಗಿರೋರು ‘ಜನ ಬಂದ್ರು’ ಅಂದ ತಕ್ಷಣ ಮೇಲಿರೋರಿಗೆ ಕೇಳುತ್ತೆ.

ಈಗ ಸದ್ದಿನ ಲೆಕ್ಕ. ಅಮೆರಿಕದ ನಯೋಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗ್ತಾ ಹೋಗುತ್ತೆ. ಚಕ್ರಬಡ್ಡಿ ಉಲ್ಟಾ ಓಡಿದ ಹಾಗೆ. 100 ಡೆಸಿಬಲ್‌ಗೆ ಬಂದಾಗ ಉಳಿಯೋದು 15 ನಿಮಿಷ. ಪೆಟ್ರೋಲ್ ಚೈನ್‌ಸಾ ಸದ್ದು 100 ದಾಟೋದು ಮಾಮೂಲಿ. ಕಿವಿಗೆ ಮಫ್ ಬೇಕೇ ಬೇಕು. ಆದ್ರೆ ಬರೀ ಮಫ್ ಹಾಕಿದ್ರೆ ಪಕ್ಕದವರ ಕೂಗೂ ಸರಿಯಾಗಿ ಕೇಳಲ್ಲ. ಹೆಡ್‌ಸೆಟ್ ಈ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತೆ.

ಇಲ್ಲೇ ನಾನು ಎಡವಿದ್ದು. ಫ್ರೆಂಡ್ ಹತ್ರ ಎರಡು ಬೈಕ್ ಇಂಟರ್‌ಕಾಮ್ ಈಸ್ಕೊಂಡು ಅದೇ ತಂಡದ ಮೇಸ್ತ್ರಿ ಹತ್ರ ಹೋದೆ. ‘ಅಣ್ಣ, ನೆಲದ ಮೇಲೇ ಒಂದ್ಸಲ ಟ್ರೈ ಮಾಡೋಣ’ ಅಂದೆ. ಮೆಷಿನ್ ಸ್ಟಾರ್ಟ್ ಆಯ್ತು, ವಾಲ್ಯೂಮ್ ಫುಲ್ ಕೊಟ್ಟರೂ ಒಂದಕ್ಷರ ಕೇಳಲಿಲ್ಲ. ಮಫ್ ಇಲ್ಲದೆ ಸ್ಪೀಕರ್ ಹಾಕಿದ್ರೆ ಮೆಷಿನ್ ಸದ್ದಿನ ಮೇಲೆ ಇನ್ನೊಂದು ಸದ್ದು ಸೇರುತ್ತೆ ಅಷ್ಟೇ. ಮಫ್ ಕೆಳಗೆ ವೈರ್ ತೂರಿಸಿದ್ರೂ ಸಂದಿ ಬಿಟ್ಟು ಸದ್ದು ಒಳಗೆ ಬರುತ್ತೆ. ಬೈಕಿನ ಸೆಟ್ ತಂದು ಹಾಗೇ ಬಳಸಬೇಡಿ.

ಕೊಳ್ಳೋರಿಗೆ ಇನ್ನೆರಡು ಮಾತು. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಒದ್ದೆ ಎಲೆ, ದಪ್ಪ ಕಾಂಡ ಆ ಸಿಗ್ನಲ್ ನುಂಗುತ್ತವೆ. ಡಬ್ಬಿ ಮೇಲೆ ಬರೆದಿರೋ ದೂರ ಬಯಲಿನ ಲೆಕ್ಕ, ಮಳೆಗಾಲದ ಮರದ್ದಲ್ಲ. ಮೂರ್ನಾಲ್ಕು ಜನ ಇದ್ರೆ ಮೆಶ್ ಇರೋ ಸೆಟ್ ವಾಸಿ. ಸರಪಳಿ ಥರ ಜೋಡಿಸೋ ಸೆಟ್‌ನಲ್ಲಿ ನಡುವಿನವರದು ಕೆಟ್ಟರೆ ಸರಪಳಿ ಕಡಿಯುತ್ತೆ. ಮೆಶ್‌ನಲ್ಲಿ ಉಳಿದವರ ಮಾತು ನಡೀತಾನೇ ಇರುತ್ತೆ.

ಆದ್ರೆ ದುಡ್ಡು ಕೊಟ್ಟರೂ ಸಿಗದ ಭಾಗ ಒಂದಿದೆ, ಅದು ಮಾತಿನ ಶಿಸ್ತು. ಕನ್ನಡದಲ್ಲಿ ‘ಬೇಡ’ ಬರೋದು ಕೊನೆಗೆ. ಬಾಲ ಕಟ್ ಆದ್ರೆ ಅರ್ಥ ತಲೆಕೆಳಗು. ಇನ್ನು ಧ್ವನಿ ಕೇಳಿದಾಗ ಮಾತ್ರ ಆನ್ ಆಗೋ ಮೈಕ್‌ಗಳು ಮೊದಲ ಅಕ್ಷರವನ್ನೇ ನುಂಗುತ್ತವೆ. ಅದಕ್ಕೇ ಮೊದಲು ಹೆಸರು ಕೂಗಬೇಕು, ಆಮೇಲೆ ಆಜ್ಞೆ. ಆಜ್ಞೆಯಲ್ಲಿ ‘ಬೇಡ’ ಇರಲೇಬಾರದು.

ಮೇಸ್ತ್ರಿ ಜೊತೆ ಕೂತು ಪದ ಆರಿಸಿದ್ವಿ. ಮೊದಲು ‘ಇಳ್ಸು’, ‘ನಿಲ್ಸು’ ಅಂದ್ವಿ. ಕೂಗಿ ನೋಡಿದ್ರೆ ಎರಡೂ ಒಂದೇ ಥರ ಕೇಳುತ್ತೆ! ಕೊನೆಗೆ ಉಳಿದಿದ್ದು ‘ಇಳ್ಸು’ ಮತ್ತು ‘ಸ್ಟಾಪ್’. ಕಡಿಯೋ ಮುಂಚೆ ಮೇಲಿಂದ ‘ದೂರ ಹೋಗಿ’, ಕೆಳಗಿಂದ ‘ಖಾಲಿ ಇದೆ’. ಆ ಉತ್ತರ ಬರೋವರೆಗೂ ಮೆಷಿನ್ ಮುಟ್ಟೋ ಹಾಗಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಮರದ ಕೆಲಸದಲ್ಲಿ ಆ ಮಾತು ನಡೆಯಲ್ಲ. ಉತ್ತರ ಬರಲಿಲ್ಲ ಅಂದ್ರೆ ಕೆಲಸ ನಿಲ್ಲಬೇಕು. ಬ್ಯಾಟರಿ ಸತ್ತರೆ ಅಂತ ಕೈಸನ್ನೆಯನ್ನೂ ಮೊದಲೇ ಮಾತಾಡಿ ಇಟ್ಟಿರಬೇಕು.

ಹೆಡ್‌ಸೆಟ್ ಇದ್ರೂ ದಾರಿಹೋಕರ ಕಿವೀಲಿ ಅದು ಇರಲ್ಲ. ಹಗ್ಗ ಹಾಕಿ ಜಾಗ ಮುಚ್ಚಿ, ನೋಡಿಕೊಳ್ಳೋಕೆ ಒಬ್ಬರನ್ನ ನಿಲ್ಲಿಸಲೇಬೇಕು.

ಮೇಸ್ತ್ರಿ ಒಂದು ಮಾತು ಹೇಳಿದ್ರು: ‘ಸೆಟ್ ತಗೊಂಡ್ರೆ ರೇಟ್ ಜಾಸ್ತಿ ಆಗುತ್ತೆ ಸಾರ್. ಪಕ್ಕದೋನು ಕಮ್ಮಿಗೆ ಮಾಡ್ಕೊಡ್ತಾನೆ, ನೀವು ಅವನನ್ನೇ ಕರೀತೀರ.’ ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ಬೀದಿಯವರು ಅವತ್ತು ಮೂರು ಕೊಟೇಶನ್ ತಗೊಂಡು ಕಮ್ಮಿ ಇದ್ದದ್ದನ್ನೇ ಆರಿಸಿದ್ರು, ಅದ್ರಲ್ಲಿ ನಾನೂ ಒಬ್ಬ. ಮುಂದಿನ ಸಲ ನಿಮ್ಮ ಅಪಾರ್ಟ್‌ಮೆಂಟಿಗೆ, ಬೀದಿಗೆ ಮರದ ಕೆಲಸದವರು ಬಂದಾಗ ರೇಟ್ ಕೇಳೋ ಮುಂಚೆ ಇದನ್ನ ಕೇಳಿ: ‘ಮೇಲಿರೋರ ಮಾತು ಕೆಳಗೆ ಹೇಗೆ ಕೇಳುತ್ತೆ?’

ಮುಂದಿನ ವಾರ ಸಿಗೋಣ.